ಕಸಕ್ಕೂ ಒಂದು ಸರದಿ

ಬೆಳಗಿನ ಹೊತ್ತು ಹಿಟ್ಟಿನ ಗಿರಣಿಯ ಮುಂದೆ ಜೋಳದ ಡಬ್ಬಿಗಳೂ ಬುಟ್ಟಿಗಳೂ ಸಾಲಾಗಿ ಕುಳಿತಿರುವ ನೋಟವನ್ನು ಹಾವೇರಿ ಜಿಲ್ಲೆಯ ಊರುಗಳಲ್ಲಿ ಕಾಣದವರಿಲ್ಲ. ಅವುಗಳ ಒಡೆಯರು ಅಲ್ಲಿರುವುದಿಲ್ಲ. ಒಬ್ಬರು ಹೊಲಕ್ಕೆ ಹೋಗಿರುತ್ತಾರೆ, ಇನ್ನೊಬ್ಬರು ಸಂತೆಗೆ. ಡಬ್ಬಿಯೇ ಅವರ ಪರವಾಗಿ ಸರದಿಯನ್ನು ಕಾಯುತ್ತದೆ. ಕೆರೆಯ ಕೆಳಗಿನ ಗದ್ದೆಗಳಿಗೆ ನೀರು ಹಾಯಿಸುವಾಗಲೂ ಇಂತಹ ಸರದಿಯುಂಟು. ಅಡಿಗೆ ಅನಿಲದ ಸಿಲಿಂಡರಿಗೆ ಮುಂಚಿತವಾಗಿ ಹೆಸರು ಹೇಳಿಡುವುದು, ರೈಲಿನಲ್ಲಿ ಸ್ಥಳವನ್ನು ಕಾದಿರಿಸುವುದು, ಇವೆಲ್ಲವೂ ಅದೇ ಪದ್ಧತಿಯ ಹೊಸ ರೂಪಗಳು. ಬೇಕಾದುದನ್ನು ಪಡೆಯಲು ಸರದಿ ಬೇಕೆಂಬುದು ಎಲ್ಲರಿಗೂ ತಿಳಿದ ಮಾತು. ಆದರೆ ಬೇಡವಾದುದನ್ನು ಒಯ್ದು ಕೊಡುವುದಕ್ಕೂ ಸರದಿ ಬೇಕೆ? ಕಸಕ್ಕೂ ಮುಂಗಡ ನೋಂದಣಿಯೆ?

ಒಂದು ಕಾಲದಲ್ಲಿ ಈ ಪ್ರಶ್ನೆಯನ್ನು ಕೇಳಿದ್ದರೆ ಹಳ್ಳಿಯವರು ನಕ್ಕುಬಿಡುತ್ತಿದ್ದರು. ಏಕೆಂದರೆ ಅಂದಿನ ಮನೆಯಲ್ಲಿ ಎಸೆಯುವಂತಹ ವಸ್ತುವೇ ಅಪರೂಪವಾಗಿತ್ತು. ದನದ ಸಗಣಿ, ಒಲೆಯ ಬೂದಿ, ತರಕಾರಿಯ ಸಿಪ್ಪೆಗಳು ತಿಪ್ಪೆಯನ್ನು ಸೇರಿ, ಮುಂಗಾರಿಗೆ ಮೊದಲು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿದ್ದವು. ಉಟ್ಟು ಹಳತಾದ ಸೀರೆ, ಧೋತರಗಳು ಪದರ ಪದರವಾಗಿ ಸೇರಿ ಕೌದಿಯಾಗುತ್ತಿದ್ದವು. ಆ ಕೌದಿ ಮತ್ತೆ ಹತ್ತಾರು ವರ್ಷ ಮನೆಮಂದಿಯನ್ನು ಚಳಿಯಿಂದ ಕಾಯುತ್ತಿತ್ತು. ತೂತುಬಿದ್ದ ಹಿತ್ತಾಳೆಯ ಕೊಡವನ್ನು ತೂಗಿಕೊಟ್ಟು, ಮೇಲಿಷ್ಟು ಹಣ ಸೇರಿಸಿ, ಹೊಸ ಕೊಡ ತರುವುದು ವಾಡಿಕೆಯಾಗಿತ್ತು. ಉಳಿದ ಕಬ್ಬಿಣ, ಡಬ್ಬ, ಸೀಸೆಗಳನ್ನು ಮೋಡಕಾ ವ್ಯಾಪಾರಿ ಬಾಗಿಲಿಗೇ ಬಂದು ಕೊಂಡೊಯ್ಯುತ್ತಿದ್ದನು. ಮರುಬಳಕೆಯೆಂಬ ಹೆಸರು ಇರಲಿಲ್ಲ. ಕೆಲಸ ಮಾತ್ರ ನಡೆಯುತ್ತಿತ್ತು.

ಈಗಿನ ಮನೆಯ ಕಸದ ಸ್ವರೂಪವೇ ಬೇರೆ. ಹಾಲಿನ ಕವರು, ಶಾಂಪೂವಿನ ಪುಟ್ಟ ಪೊಟ್ಟಣ, ನೀರಿನ ಬಾಟಲಿ, ಔಷಧದ ಹಾಳೆ, ಮುರಿದ ಕುರ್ಚಿ, ಕೆಟ್ಟ ಮೊಬೈಲು, ಉರಿದುಹೋದ ಟ್ಯೂಬ್‌ಲೈಟು ಇವುಗಳಲ್ಲಿ ಯಾವುದನ್ನೂ ತಿಪ್ಪೆ ಜೀರ್ಣಿಸಿಕೊಳ್ಳಲಾರದು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯಲ್ಲಿ ಹಾನಗಲ್, ಶಿಗ್ಗಾವಿ, ಸವಣೂರುಗಳಿಗೆ ಪುರಸಭೆಗಳೂ ಹಿರೇಕೆರೂರಿಗೆ ಪಟ್ಟಣ ಪಂಚಾಯಿತಿಯೂ ಉಂಟು. ರಾಜ್ಯದ ಇಂತಹ ಪಟ್ಟಣಗಳಲ್ಲಿ ಮನೆಮನೆಯ ಕಸವನ್ನು ವಾಹನಗಳಲ್ಲಿ ಸಂಗ್ರಹಿಸುವುದು ರೂಢಿಯಾಗಿದೆ. ವಾಹನ ಬರುವ ಹೊತ್ತೇ ಅಲ್ಲಿನ ಸರದಿ. ಆದರೆ ಹರಿದ ಹಾಸಿಗೆ, ಒಡೆದ ಕಪಾಟು, ಹತ್ತು ವರ್ಷದ ರದ್ದಿ ಪುಸ್ತಕಗಳ ರಾಶಿ ಇವು ದಿನನಿತ್ಯದ ಗಾಡಿಗೆ ಹಿಡಿಸುವಂತಹವಲ್ಲ. ದೀಪಾವಳಿಗೆ ಮುನ್ನ ಮನೆಗೆ ಸುಣ್ಣಬಣ್ಣ ಬಳಿಯುವಾಗ ಎಲ್ಲ ಮನೆಗಳಿಂದಲೂ ಇವು ಒಮ್ಮೆಲೇ ಹೊರಬೀಳುತ್ತವೆ. ಒಯ್ಯುವ ದಾರಿ ತಿಳಿಯದಿದ್ದರೆ ಅವು ಕೆರೆಯ ಅಂಗಳದಲ್ಲೋ ಊರ ಹೊರಗಿನ ಹಳ್ಳದಲ್ಲೋ ಬಂದು ಬೀಳುತ್ತವೆ.

ಕಸವನ್ನು ಕಣ್ಣಿಗೆ ಕಾಣದಂತೆ ದೂರ ಸಾಗಿಸಿದರೆ ಸಾಕೆಂಬ ಭ್ರಮೆ ಎಷ್ಟು ದುಬಾರಿಯಾದುದೆಂಬುದನ್ನು ಬೆಂಗಳೂರು ಕಲಿಯಬೇಕಾಯಿತು. ನಗರಗಳ ಕಸದ ವಿಷಯವಾಗಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿದ್ದರು. ಅದರ ಫಲವಾಗಿ 2000ದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ನಿಯಮಗಳು ಬಂದವು. ಆದರೂ ರಾಜಧಾನಿಯ ಕಸವು ಬೇರ್ಪಡದೆ ಮಾವಳ್ಳಿಪುರ, ಮಂಡೂರುಗಳಂತಹ ಹಳ್ಳಿಗಳ ಬಳಿ ಬೆಟ್ಟದಂತೆ ಬೆಳೆಯಿತು. ಆ ಹಳ್ಳಿಗಳ ಜನ ದುರ್ನಾತವನ್ನೂ ನೊಣಗಳನ್ನೂ ಕೆಟ್ಟ ನೀರನ್ನೂ ಸಹಿಸಿ ಸಹಿಸಿ ಕೊನೆಗೆ ಲಾರಿಗಳಿಗೆ ಅಡ್ಡ ನಿಂತರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿಬಿದ್ದಿತು. 2014ರ ಕೊನೆಗೆ ಮಂಡೂರಿಗೂ ಲಾರಿಗಳು ನಿಂತವು. ಹಸಿ ಕಸ, ಒಣ ಕಸಗಳನ್ನು ಮನೆಯಲ್ಲಿಯೇ ಬೇರ್ಪಡಿಸಬೇಕೆಂಬ ಮಾತಿಗೆ ಆಗ ಬಲ ಬಂದಿತು. ವಾರ್ಡುಗಳಲ್ಲಿ ಒಣ ಕಸ ಸಂಗ್ರಹಣಾ ಕೇಂದ್ರಗಳು ತಲೆಯೆತ್ತಿದವು. ಅದುವರೆಗೆ ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಅನೇಕರು ಹಸಿರು ದಳವೆಂಬ ಸಂಸ್ಥೆಯ ನೆರವಿನಿಂದ ಇಂತಹ ಕೇಂದ್ರಗಳನ್ನು ನಡೆಸುವವರಾದರು. ಗ್ರಾಮ ಪಂಚಾಯಿತಿಗಳಲ್ಲಿಯೂ ಬಳಿಕ ‘ಸ್ವಚ್ಛ ಸಂಕೀರ್ಣ’ವೆಂಬ ಹೆಸರಿನ ಘಟಕಗಳು ಬಂದವು. ಹಲವೆಡೆ ಸ್ವಸಹಾಯ ಗುಂಪುಗಳ ಮಹಿಳೆಯರೇ ಅಲ್ಲಿ ಗಾಡಿಯನ್ನು ನಡೆಸುತ್ತಾರೆ, ಕಸವನ್ನು ವಿಂಗಡಿಸುತ್ತಾರೆ.

ಇಂತಹ ಕೇಂದ್ರದೊಳಗೆ ನಡೆಯುವ ಕೆಲಸವನ್ನು ತುಸು ನಿಂತು ನೋಡಬೇಕು. ಬಂದ ಚೀಲವನ್ನು ತೂಗಿ ಮೇಜಿನ ಮೇಲೆ ಸುರಿಯುತ್ತಾರೆ. ಕಾಗದ ಒಂದು ಕಡೆ, ರಟ್ಟು ಒಂದು ಕಡೆ, ಗಾಜು, ಲೋಹ, ಬಟ್ಟೆ ಬೇರೆ ಬೇರೆ ಕಡೆ. ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ನೀರಿನ ಬಾಟಲಿಯ ಜಾತಿ ಬೇರೆ, ಅದರ ಮುಚ್ಚಳದ ಜಾತಿ ಬೇರೆ, ಹಾಲಿನ ಕವರಿನದು ಇನ್ನೊಂದು. ಒಟ್ಟಿಗೆ ಕರಗಿಸಿದರೆ ಎಲ್ಲವೂ ಕೆಡುತ್ತವೆ. ನುರಿತ ಕೈಗಳು ಮುಟ್ಟಿದ ಮಾತ್ರಕ್ಕೆ, ಕೆಲವೊಮ್ಮೆ ಹಿಸುಕಿದಾಗ ಬರುವ ಸದ್ದಿನಿಂದಲೇ, ಇವುಗಳ ಭೇದವನ್ನು ಅರಿಯುತ್ತವೆ. ಹಗುರವಾದರೂ ಹೆಚ್ಚು ಜಾಗ ತಿನ್ನುವ ಬಾಟಲಿ, ರಟ್ಟುಗಳನ್ನು ಯಂತ್ರದಲ್ಲಿ ಒತ್ತಿ ಮೂಟೆ ಕಟ್ಟಿ ಕಾರ್ಖಾನೆಗೆ ಕಳುಹಿಸುತ್ತಾರೆ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯ ಶೇಕಡಾ 5ರಷ್ಟರಲ್ಲಿಯೇ ಹಳೆಯ ಅಲ್ಯೂಮಿನಿಯಂ ಹೊಸದಾಗುತ್ತದೆ. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದರ ಗುಣ ಕುಂದದು. ಕಾಗದದ ನಾರಾದರೋ ಪ್ರತಿಸಲವೂ ಮೋಟಾಗುತ್ತ ಹೋಗುತ್ತದೆ.

ಈ ಎಲ್ಲ ಲೆಕ್ಕಾಚಾರವೂ ಒಂದು ಬಟ್ಟಲು ಸಾರಿನಿಂದ ಕೆಡಬಹುದು. ನೆನೆದ ಕಾಗದಕ್ಕೆ ಬೆಲೆಯಿಲ್ಲ. ಎಂಜಲು ಮೆತ್ತಿದ ಪೊಟ್ಟಣ ಹುಳ ಹಿಡಿಯುತ್ತದೆ. ಚೀಲದೊಳಗೆ ಒಡೆದ ಗಾಜೋ ಚುಚ್ಚುಮದ್ದಿನ ಸೂಜಿಯೋ ಅಡಗಿದ್ದರೆ ವಿಂಗಡಿಸುವವರ ಕೈ ಕೊಯ್ಯುತ್ತದೆ. ಟ್ಯೂಬ್‌ಲೈಟಿನಲ್ಲಿ ಪಾದರಸವಿದೆ. ವಾಹನದ ಬ್ಯಾಟರಿಯಲ್ಲಿ ಸೀಸವೂ ಗಂಧಕಾಮ್ಲವೂ ಇವೆ. ಮೊಬೈಲಿನ ಬ್ಯಾಟರಿ ಚುಚ್ಚಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ಹಬ್ಬದ ಮುನ್ನಾದಿನ ಜನ ಮುಗಿಬಿದ್ದು, ರಾಶಿಯ ಮೇಲೆ ರಾಶಿ ಸುರಿದು ಹೋದರೆ, ಇವನ್ನೆಲ್ಲ ನೋಡಿ ತೆಗೆಯಲು ಯಾರಿಗೆ ವ್ಯವಧಾನವಿದ್ದೀತು? ಮುಂಗಡ ನೋಂದಣಿಯ ಪ್ರಯೋಜನ ಇಲ್ಲಿಯೇ ಇದೆ.

ಈ ಪದ್ಧತಿ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದುದು ಬ್ರಿಟನ್ನಿನಲ್ಲಿ. ಮನೆಯ ದೊಡ್ಡ ಕಸವನ್ನು ನಿವಾಸಿಗಳು ತಂದೊಪ್ಪಿಸಲು ಸ್ಥಳೀಯ ಆಡಳಿತಗಳು ಸ್ಥಳ ಒದಗಿಸಬೇಕೆಂದು ಅಲ್ಲಿ 1967ರಲ್ಲಿಯೇ ಕಾನೂನಾಗಿತ್ತು. ಜನ ತಮ್ಮ ಕಾರುಗಳಲ್ಲಿ ವಸ್ತುಗಳನ್ನು ತುಂಬಿಕೊಂಡು ತಮಗೆ ತೋಚಿದ ಹೊತ್ತಿಗೆ ಹೋಗುತ್ತಿದ್ದರು. 2020ರ ಮಾರ್ಚಿನಲ್ಲಿ ಕೊರೋನಾ ಸೋಂಕಿನ ಕಾರಣ ಈ ಕೇಂದ್ರಗಳು ಮುಚ್ಚಿದವು. ಮೇ ತಿಂಗಳಲ್ಲಿ ಮತ್ತೆ ತೆರೆದಾಗ ಮನೆಗಳಲ್ಲಿ ಕೂಡಿದ್ದ ಕಸವೆಲ್ಲ ರಸ್ತೆಗಿಳಿಯಿತು; ಕಾರುಗಳ ಸಾಲು ಬೆಳೆಯಿತು. ಆಗ ಅನೇಕ ಆಡಳಿತಗಳು ದಿನವನ್ನೂ ಗಂಟೆಯನ್ನೂ ಮೊದಲೇ ಆರಿಸಿ, ವಾಹನದ ಸಂಖ್ಯೆಯನ್ನು ನಮೂದಿಸಿ ಬರುವ ಏರ್ಪಾಡು ಮಾಡಿದವು. ಸೋಂಕು ಇಳಿದ ಮೇಲೆ ಕೆಲವು ಆಡಳಿತಗಳು ಅದನ್ನು ಕೈಬಿಟ್ಟವು, ಕೆಲವು ಉಳಿಸಿಕೊಂಡವು. ಸರದಿ ಸಿಗದವರು ಹೊಲದ ಬದಿಯಲ್ಲಿ ಕಸ ಸುರಿದಾರು ಎಂಬ ಆತಂಕವನ್ನು ಅಲ್ಲಿಯೂ ಜನ ತೋಡಿಕೊಂಡರು.

ಹಾನಗಲ್ಲಿಗೋ ಸವಣೂರಿಗೋ ಈ ಏರ್ಪಾಡು ಬಂದರೆ ಅದರ ಲೆಕ್ಕ ಸರಳವಾದುದು. ಒಂದು ಮನೆಯ ವಸ್ತುಗಳನ್ನು ತೂಗಿ, ನೋಡಿ, ಬೇರ್ಪಡಿಸಲು 10 ನಿಮಿಷ ಬೇಕೆಂದಿಟ್ಟುಕೊಳ್ಳೋಣ. ಗಂಟೆಗೆ 6 ಮನೆ; ಬೆಳಗಿನ 4 ಗಂಟೆಗಳಲ್ಲಿ 24 ಮನೆ. ಅದೇ ಬೆಳಿಗ್ಗೆ 60 ಮನೆಯವರು ಬಂದರೆ 36 ಮನೆಯವರು ಬಿಸಿಲಲ್ಲಿ ನಿಂತು ಹಿಂದಿರುಗಬೇಕು. ಅವರು ತಂದ ಮುರುಕು ಕುರ್ಚಿ ಮನೆಗೆ ಮರಳೀತೆಂದು ನಂಬುವುದು ಕಷ್ಟ. ಮೂರು ದಿನಗಳಿಗೆ ಹಂಚಿದರೆ ಯಾರೂ ನಿಲ್ಲಬೇಕಾಗಿಲ್ಲ. ಇನ್ನೊಂದು ಲಾಭವೂ ಉಂಟು. ಏನನ್ನು ತರುವಿರೆಂದು ನೋಂದಣಿಯ ಹೊತ್ತಿಗೇ ಕೇಳಿದರೆ ಉತ್ತರಿಸುವ ಸಲುವಾಗಿಯಾದರೂ ಮನೆಯವರು ಕಸವನ್ನು ಒಮ್ಮೆ ಬಿಡಿಸಿ ನೋಡುತ್ತಾರೆ. ಬಾಟಲಿ ತೊಳೆಯಲು, ರದ್ದಿ ಕಟ್ಟಲು, ಬ್ಯಾಟರಿಯನ್ನು ಬೇರೆ ಇಡಲು ಎರಡು ದಿನ ಸಿಗುತ್ತದೆ. ವಿಂಗಡಣೆಯ ಅರ್ಧ ಕೆಲಸ ಮನೆಯ ಪಡಸಾಲೆಯಲ್ಲಿಯೇ ಮುಗಿಯುತ್ತದೆ. ವಿಂಗಡಿಸುವ ಮಹಿಳೆಯ ಬೆರಳುಗಳ ಕ್ಷೇಮವೂ, ತೂಕದ ಮೇಲೆ ಆಕೆಗೆ ದೊರೆಯುವ ಹಣವೂ ಈ ಎರಡು ದಿನಗಳನ್ನು ಅವಲಂಬಿಸಿವೆ.

ತೊಡಕುಗಳೂ ಇಲ್ಲದಿಲ್ಲ. ನೋಂದಣಿ ಮೊಬೈಲಿನಲ್ಲಿ ಮಾತ್ರ ಆಗುವುದಾದರೆ, ಫೋನಿಲ್ಲದ ಮುದುಕಿಯೂ ಓದು ಬಾರದ ಕೂಲಿಯೂ ಸಾಲಿನ ಹೊರಗೇ ಉಳಿಯುತ್ತಾರೆ. ಕಸ ಹಾಕಲು ಕಾರಿರುವ ಬ್ರಿಟನ್ನಿನ ಕ್ರಮವನ್ನು ತಲೆಹೊರೆಯಲ್ಲಿ ಹೊತ್ತು ತರುವವರ ಮೇಲೆ ಹಾಗೆಯೇ ಹೇರುವುದು ಜಾಣತನವಲ್ಲ. ಸೈಕಲ್ಲಿನ ಮೇಲೆ ಮೋಡಕಾ ಕೊಳ್ಳುತ್ತ ಬದುಕುವವನ ಹೊಟ್ಟೆಪಾಡನ್ನೂ ಲಕ್ಷ್ಯದಲ್ಲಿಡಬೇಕು. ಕಬ್ಬಿಣ, ಹಿತ್ತಾಳೆಗಳು ಅವನಿಗೇ ಹೋಗಲಿ. ಅವನು ಮುಟ್ಟದ ಪೊಟ್ಟಣ, ದೀಪ, ಹಾಸಿಗೆಗಳು ಕೇಂದ್ರಕ್ಕೆ ಬರಲಿ. ಫೋನಿನ ಜೊತೆಗೆ ಕೇಂದ್ರದ ಬಾಗಿಲಲ್ಲಿ ಒಂದು ದಾಖಲೆ ಪುಸ್ತಕವನ್ನೂ ಇಡಬಹುದು. ವಾರದ ಕಸದ ಗಾಡಿಯ ಸಿಬ್ಬಂದಿಗೆ ಹೆಸರು ಹೇಳಿದರೆ ಅವರೇ ಅದರಲ್ಲಿ ಬರೆದು ದಿನದ ಚೀಟಿ ತಂದುಕೊಡಬಹುದು. ನಡೆದು ಬರಲಾರದವರ ಮನೆಗೆ ತಿಂಗಳಿಗೊಂದು ದಿನ ದೊಡ್ಡ ಗಾಡಿಯನ್ನೇ ಕಳುಹಿಸಬಹುದು. ಸರದಿ ಆಗ ಮನೆಯದಲ್ಲ, ಓಣಿಯದಾಗುತ್ತದೆ. ಬೆಂಗಳೂರಿನಲ್ಲಿ ಒಣ ಕಸವನ್ನು ವಾರದಲ್ಲಿ ಗೊತ್ತುಪಡಿಸಿದ ದಿನಗಳಂದು ಮಾತ್ರ ಒಯ್ಯುವ ಕ್ರಮವನ್ನು ತಂದುದೂ ಇದೇ ಮಾರ್ಗದಲ್ಲಿ. ಅಲ್ಲಿ ಪ್ರತಿ ಮನೆಯೂ ಹೆಸರು ಹೇಳಬೇಕಾಗಲಿಲ್ಲ. ಒಣ ಕಸದ ಚೀಲ ನಿಗದಿಯಾದ ದಿನ ಬೆಳಿಗ್ಗೆ ಬಾಗಿಲ ಹೊರಗೆ ಬಂದು ಕುಳಿತರೆ ಸಾಕಾಗಿತ್ತು, ಗಿರಣಿಯ ಮುಂದಿನ ಜೋಳದ ಡಬ್ಬಿಯಂತೆಯೇ.