ಕಾದಾಡಿ ಬಂದ ಬೆಕ್ಕಿನ ಆರೈಕೆ

ಜೋಗದ ಸೀಮೆಯಲ್ಲಿ ಭತ್ತದ ಕಣಜವನ್ನು ಇಲಿಗಳಿಂದ ಕಾಯುವ ಬೆಕ್ಕು ರೈತನಿಗೆ ಬಹು ಉಪಕಾರಿಯಾದ ಪ್ರಾಣಿಯು. ಬೆಕ್ಕುಗಳು ಕಾದಾಡಿದಾಗ ಕೋರೆಹಲ್ಲಿನಿಂದಾಗುವ ಗಾಯವು ಸೂಜಿ ಚುಚ್ಚಿದಷ್ಟೇ ಕಾಣುವುದು. ಹೊರಚರ್ಮವು ಬೇಗನೆ ಕೂಡಿಕೊಂಡು ಒಳಗೆ ಕೀವು ಕಟ್ಟುವುದು. ಆದಕಾರಣ 2ರಿಂದ 5 ದಿನಗಳೊಳಗಾಗಿ ಬೆಕ್ಕು ಮಂಕಾಗಿ, ಆಹಾರವನ್ನು ಬಿಟ್ಟು, ಮೂಲೆ ಸೇರುವುದುಂಟು. ಮೈ ಸವರಿ ನೋಡಿದಲ್ಲಿ ಬಿಸಿಯಾದ ಬಾವು ಕೈಗೆ ಸಿಕ್ಕುವುದು.

ಅಂಥ ಬೆಕ್ಕನ್ನು ಬೆಚ್ಚಗಿನ ಒಣ ಜಾಗದಲ್ಲಿ ಬೇರೆಯಾಗಿ ಇರಿಸತಕ್ಕದ್ದು. ಅರ್ಧ ಲೀಟರು ನೀರಿಗೆ ಒಂದು ಚಹಾ ಚಮಚ ಉಪ್ಪನ್ನು ಹಾಕಿ, ಕುದಿಸಿ, ಆರಿಸಿ, ಅದರಿಂದ ಗಾಯವನ್ನು ತೊಳೆಯಬೇಕು. ಬಾವನ್ನು ಹಿಸುಕಲಾಗದು, ಫಿನಾಯಿಲನ್ನು ಹಚ್ಚಲಾಗದು. ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ಮಾತ್ರೆ ಒಂದೇ ಆದರೂ ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲದು. ಮಳೆಗಾಲದಲ್ಲಿ ಗಾಯಕ್ಕೆ ನೊಣ ಕುಳಿತು ಹುಳು ಬೀಳುವ ಭಯವೂ ಇದೆ. ಬಾವು ಕಂಡರೂ, ಒಂದು ದಿನ ಪೂರ್ತಿ ಆಹಾರ ಮುಟ್ಟದಿದ್ದರೂ ತಡಮಾಡದೆ ಪಶುವೈದ್ಯರಿಗೆ ತೋರಿಸತಕ್ಕದ್ದು.

ಕಚ್ಚಿದ್ದು ಯಾವ ಪ್ರಾಣಿಯೆಂದು ತಿಳಿಯದಿದ್ದಲ್ಲಿ ಹುಚ್ಚುರೋಗದ ಶಂಕೆಯನ್ನು ಮರೆಯಬಾರದು. ಆರೈಕೆ ಮಾಡುವವರನ್ನು ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು 15 ನಿಮಿಷ ಸಾಬೂನು ನೀರಿನಿಂದ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಗ್ರಾಮದ ಮುಖಂಡರು ಈ ವಿಷಯವನ್ನು ಒಕ್ಕಲುಗಳೆಲ್ಲರಿಗೂ ತಿಳಿಯಪಡಿಸುವುದು ಮೇಲು.