ತಲೆಗೆ ಪೆಟ್ಟಾದ ಮಕ್ಕಳು ಮನೆಗೆ ಮರಳಿದ ಮೇಲೆ

ಕಾಲಿನ ಮೂಳೆ ಮುರಿದರೆ ಪಟ್ಟಿ ಕಟ್ಟುತ್ತಾರೆ. ಆ ಪಟ್ಟಿ ಕಣ್ಣಿಗೆ ಕಾಣುವಷ್ಟು ದಿನವೂ ಮನೆಮಂದಿಯೆಲ್ಲ ಆ ಕಾಲಿನ ಮೇಲೆ ಕನಿಕರವಿಟ್ಟಿರುತ್ತಾರೆ. ಮಿದುಳಿಗೆ ಆದ ಪೆಟ್ಟಿನ ಸಂಗತಿ ಹಾಗಲ್ಲ. ಹೊಲಿಗೆ ಬಿಚ್ಚಿ, ಬೋಳಿಸಿದ ಕೂದಲು ಬೆಳೆದು, ಹುಡುಗ ಎದ್ದು ಓಡಾಡತೊಡಗಿದೊಡನೆ ‘ದೇವರು ದೊಡ್ಡವನು, ಪೂರ್ತಿ ಗುಣವಾಯಿತು’ ಎಂದು ನಾವು ನೆಮ್ಮದಿಪಡುತ್ತೇವೆ. ಎಷ್ಟೋ ಮನೆಗಳಲ್ಲಿ ನಿಜವಾದ ಕಷ್ಟ ಮೊದಲಾಗುವುದು ಅಲ್ಲಿಂದಲೇ. ಮೊದಲು ಶಾಂತನಾಗಿದ್ದ ಮಗ ಸಣ್ಣ ಮಾತಿಗೂ ಸಿಡಿಮಿಡಿಗೊಳ್ಳುತ್ತಾನೆ. ಚುರುಕಾಗಿದ್ದ ಮಗಳು ಬೆಳಿಗ್ಗೆ ಓದಿದ ಪಾಠವನ್ನು ಸಂಜೆಗೆ ಮರೆಯುತ್ತಾಳೆ. ಇದು ಸೋಮಾರಿತನವೋ, ಹಟವೋ, ವಯಸ್ಸಿನ ದೋಷವೋ ಎಂದು ತಂದೆತಾಯಿಗಳಿಗೆ ತಿಳಿಯದಾಗುತ್ತದೆ.

ಇದನ್ನು ಅರಿಯಬೇಕಾದರೆ ಒಳಗೆ ನಡೆದದ್ದೇನೆಂಬುದನ್ನು ನೋಡಬೇಕು. ಮಿದುಳು ಬಹು ಮೃದುವಾದ ಅಂಗ. ಗಟ್ಟಿಯಾದ ತಲೆಬುರುಡೆಯೊಳಗೆ, ದ್ರವದ ನಡುವೆ ಅದು ನೆಲೆಸಿದೆ. ಓಡುವ ವಾಹನದಿಂದ ಬಿದ್ದು ತಲೆ ತಟ್ಟನೆ ನಿಂತಾಗ ಮಿದುಳು ಮಾತ್ರ ಆ ವೇಗದಲ್ಲಿಯೇ ಮುಂದಕ್ಕೆ ಸರಿದು ಬುರುಡೆಗೆ ತಗುಲುತ್ತದೆ. ಬುರುಡೆಯ ತಳ ಹಣೆಯ ಹಿಂದೆಯೂ ಕಿವಿಯ ಮುಂದಣ ಪಕ್ಕಗಳಲ್ಲಿಯೂ ಒರಟು. ಆದ್ದರಿಂದ ಅಲ್ಲಿನ ಭಾಗಗಳೇ ಹೆಚ್ಚಾಗಿ ಜಜ್ಜುತ್ತವೆ. ಅದರ ಜೊತೆಗೆ, ಒಂದು ಭಾಗವನ್ನು ಇನ್ನೊಂದಕ್ಕೆ ಸೇರಿಸುವ ಸೂಕ್ಷ್ಮ ನರತಂತುಗಳು ಎಳೆದಾಡಿ ಕೆಡುತ್ತವೆ. ಈ ಕೆಡುಕು ಸ್ಕ್ಯಾನ್ ಚಿತ್ರದಲ್ಲಿ ಕಾಣದೆಯೂ ಇರಬಹುದು. ‘ಸ್ಕ್ಯಾನ್ ಸರಿಯಿದೆ’ ಎಂದಮಾತ್ರಕ್ಕೆ ಏನೂ ಆಗಿಲ್ಲವೆಂದು ಅರ್ಥವಲ್ಲ.

ಹಣೆಯ ಹಿಂದಿರುವ ಭಾಗದ ಕೆಲಸವೇನು? ಯೋಚಿಸಿ ಮುಂದಡಿ ಇಡುವುದು, ಕೋಪವನ್ನು ನುಂಗುವುದು, ಆಡಬಾರದ ಮಾತನ್ನು ತಡೆಯುವುದು, ಹಿಡಿದ ಕೆಲಸವನ್ನು ಕೊನೆಗಾಣಿಸುವುದು. ಪಕ್ಕದ ಭಾಗಗಳಿಗೆ ನೆನಪಿನೊಡನೆ ಹತ್ತಿರದ ನಂಟು. ಹದಿಹರೆಯದಲ್ಲಿ ಈ ಮುಂಭಾಗ ಇನ್ನೂ ಬಲಿಯುತ್ತಿರುತ್ತದೆ. ಅದು ಪಕ್ವವಾಗುವಾಗ ವಯಸ್ಸು ಇಪ್ಪತ್ತೈದರ ಆಸುಪಾಸಾಗುತ್ತದೆ. ಆದಕಾರಣ ಚಿಕ್ಕಂದಿನ ಪೆಟ್ಟಿನ ಫಲ ಕೆಲವೊಮ್ಮೆ ತಡವಾಗಿ ತೋರುತ್ತದೆ. ಹನ್ನೆರಡರಲ್ಲಿ ಬಿದ್ದ ಹುಡುಗ ಪ್ರಾಥಮಿಕ ಶಾಲೆಯ ಪಾಠವನ್ನು ಹೇಗೋ ನಿಭಾಯಿಸಿಯಾನು; ತಾನೇ ವೇಳೆ ಹೊಂದಿಸಿಕೊಂಡು ಓದಬೇಕಾದ ಕಾಲೇಜಿನ ದಿನಗಳಲ್ಲಿ ಎಡವಬಹುದು. ಆಗ ಹಳೆಯ ಪೆಟ್ಟನ್ನು ನೆನೆಯುವವರೇ ಇರುವುದಿಲ್ಲ.

ಮಿದುಳಿನ ಪೆಟ್ಟು ಮನುಷ್ಯನ ನಡತೆಯನ್ನೇ ಬದಲಿಸಬಲ್ಲದೆಂಬುದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಪ್ರಸಿದ್ಧ ನಿದರ್ಶನವಿದೆ. ೧೮೪೮ರಲ್ಲಿ ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ರೈಲುಹಾದಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಇಪ್ಪತ್ತೈದು ವರ್ಷದ ಮೇಸ್ತ್ರಿಯ ತಲೆಯ ಮೂಲಕ ಕಬ್ಬಿಣದ ಸಲಾಕೆಯೊಂದು ತೂರಿಹೋಯಿತು. ಆತ ಬದುಕಿದ, ನಡೆದಾಡಿದ, ಮಾತನಾಡಿದ. ಆದರೆ ಈತ ಮೊದಲಿನ ಗೇಜ್ ಅಲ್ಲವೆಂದು ಗೆಳೆಯರು ಹೇಳಿದರು. ಕಥೆಯ ಉಳಿದ ಅರ್ಧವನ್ನು ಹೇಳುವವರು ಕಡಿಮೆ. ಮುಂದೆ ಆತ ಚಿಲಿ ದೇಶಕ್ಕೆ ಹೋಗಿ ಕೆಲವು ವರ್ಷಗಳ ಕಾಲ ಕುದುರೆಗಾಡಿಯ ಸಾರಥಿಯಾಗಿ ದುಡಿದ. ದಿನವೂ ಒಂದೇ ಬಗೆಯಲ್ಲಿ ನಡೆಯುವ ಕ್ರಮಬದ್ಧವಾದ ಆ ಕೆಲಸವೇ ಅವನನ್ನು ಬಹುಮಟ್ಟಿಗೆ ಸರಿದಾರಿಗೆ ತಂದಿರಬೇಕೆಂದು ಈಚಿನ ವಿದ್ವಾಂಸರು ಊಹಿಸುತ್ತಾರೆ. ಮನೆಯವರು ಗಮನಿಸಬೇಕಾದದ್ದು ಈ ಅರ್ಧವನ್ನೇ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಮೊದಲನೆಯದು, ದಿನಚರಿ. ಏಳುವುದು, ಉಣ್ಣುವುದು, ಓದುವುದು, ಮಲಗುವುದು ಗೊತ್ತಾದ ಹೊತ್ತಿಗೆ ನಡೆಯಲಿ. ದಿನದ ಕೆಲಸಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಬಹುದು. ನೆನಪಿಗೆ ಒಂದು ಟಿಪ್ಪಣಿ ಪುಸ್ತಕ, ಮೊಬೈಲ್ ಫೋನಿನ ಗಂಟೆ ನೆರವಾಗುತ್ತವೆ. ಎರಡನೆಯದು, ಒಂದು ಸಲಕ್ಕೆ ಒಂದೇ ಮಾತು. ‘ಸ್ನಾನ ಮಾಡಿ, ಬಟ್ಟೆ ಮಡಿಸಿಟ್ಟು, ಅಂಗಡಿಗೆ ಹೋಗಿ ಬಾ’ ಎಂದರೆ ಮೂರರಲ್ಲಿ ಎರಡು ಮರೆತುಹೋಗುತ್ತವೆ. ಮೂರನೆಯದು, ವಿಶ್ರಾಂತಿ. ಪೆಟ್ಟಾದ ಮಿದುಳು ಬೇಗ ದಣಿಯುತ್ತದೆ. ನೆಂಟರ ಗದ್ದಲ, ಟೆಲಿವಿಷನ್ನಿನ ಅಬ್ಬರ, ಮದುವೆಮನೆಯ ವಾಲಗ ಅದಕ್ಕೆ ಭಾರವಾಗುತ್ತವೆ. ಎಷ್ಟೋ ವೇಳೆ ಕೋಪದ ಬೇರು ಈ ದಣಿವೇ. ಕೋಪ ಏರಿದಾಗ ವಾದ ಹೂಡದೆ ಸ್ವಲ್ಪ ದೂರ ಸರಿದು, ತಣ್ಣಗಾದ ಮೇಲೆ ಮಾತನಾಡುವುದು ಲೇಸು. ಹಾಗೆಂದು ಎಲ್ಲಕ್ಕೂ ಸಲಿಗೆ ಕೊಡಬೇಕೆಂದಲ್ಲ. ನಿಯಮಗಳು ಕೆಲವೇ ಇರಲಿ, ಅಪ್ಪ ಅಮ್ಮ ಅಜ್ಜಿ ಎಲ್ಲರ ಬಾಯಲ್ಲೂ ಅವು ಒಂದೇ ಆಗಿರಲಿ.

ವೈದ್ಯರ ಒಪ್ಪಿಗೆಯಿಲ್ಲದೆ ಸೈಕಲ್ಲು, ಮೋಟಾರು ವಾಹನ, ಪೆಟ್ಟು ಬೀಳಬಹುದಾದ ಆಟಗಳು ಕೂಡದು. ಮೊದಲ ಗಾಯ ಮಾಯುವ ಮುನ್ನ ಬಿದ್ದ ಎರಡನೆಯ ಪೆಟ್ಟು ಬಲು ಅಪಾಯಕರ. ಮದ್ಯಪಾನವಂತೂ ಸಲ್ಲದು. ತಲೆನೋವು ಹೆಚ್ಚುತ್ತ ಹೋದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಂಥ ಮಂಪರು ಕವಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ೧೦೮ಕ್ಕೆ ಕರೆ ಮಾಡಿದರೆ ಆಂಬ್ಯುಲೆನ್ಸ್ ಬರುತ್ತದೆ.

ಶಾಲೆಗೆ ಮರಳುವುದು ಇನ್ನೊಂದು ಘಟ್ಟ. ಒಮ್ಮೆಗೇ ಇಡೀ ದಿನ ಕಳುಹಿಸದೆ, ಮೊದಲು ಕೆಲವು ಗಂಟೆ, ಅನಂತರ ಅರ್ಧ ದಿನ, ಹೀಗೆ ಏರಿಸುತ್ತ ಹೋಗಬೇಕು. ತಂದೆತಾಯಿಗಳು ಮುಖ್ಯೋಪಾಧ್ಯಾಯರನ್ನು ಕಂಡು ವಿಷಯವನ್ನು ಮುಚ್ಚಿಡದೆ ತಿಳಿಸಲಿ. ಮುಂದಿನ ಬೆಂಚು, ಬರೆದು ಕೊಟ್ಟ ಪಾಠದ ಸಾರಾಂಶ, ನಡುನಡುವೆ ಬಿಡುವು, ಉತ್ತರಕ್ಕೆ ಸ್ವಲ್ಪ ಹೆಚ್ಚು ವೇಳೆ — ಇವಕ್ಕೆ ಹಣ ಬೇಕಿಲ್ಲ, ಉಪಾಧ್ಯಾಯರ ಮನಸ್ಸು ಬೇಕು. ಅಂಗವಿಕಲತೆಯ ಪ್ರಮಾಣಪತ್ರವಿರುವ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಪರೀಕ್ಷೆಗಳಲ್ಲಿ ಹೆಚ್ಚು ವೇಳೆ, ಬರೆದುಕೊಡುವವರ ಸಹಾಯ ಮೊದಲಾದ ಸೌಲಭ್ಯಗಳುಂಟು. ಅರ್ಹತೆಯನ್ನು ಸಾಕಷ್ಟು ಮೊದಲೇ ವಿಚಾರಿಸಬೇಕು. ಗೆಳೆಯರ ವಿಷಯ ಇದಕ್ಕಿಂತ ಸೂಕ್ಷ್ಮ. ಆಸ್ಪತ್ರೆಗೆ ಗುಂಪಾಗಿ ಬಂದವರು ಆರು ತಿಂಗಳಲ್ಲಿ ಒಬ್ಬೊಬ್ಬರಾಗಿ ದೂರವಾಗುವುದುಂಟು. ಹದಿನಾರರ ವಯಸ್ಸಿನಲ್ಲಿ ಈ ಒಂಟಿತನ ಗಾಯಕ್ಕಿಂತ ಹೆಚ್ಚು ನೋಯಿಸುತ್ತದೆ. ವಾರಕ್ಕೊಮ್ಮೆ ಬಂದು ಕೇರಂ ಆಡಿಹೋಗುವ ಒಬ್ಬ ಗೆಳೆಯನಿದ್ದರೂ ದೊಡ್ಡ ಆಸರೆ.

ಇನ್ನು ಮನೆಯವರ ಪಾಡು. ಮಗ ಉಳಿದನೆಂಬ ಸಂತೋಷದ ಒಡಲಲ್ಲಿಯೇ ಮೊದಲಿನ ಮಗ ಎಲ್ಲಿ ಹೋದನೆಂಬ ದುಃಖವೂ ಇರುತ್ತದೆ. ಬಾಯಿಬಿಟ್ಟು ಹೇಳಿದರೆ ಕೃತಘ್ನತೆಯಾದೀತೆಂದು ತಾಯಿ ಅದನ್ನು ಒಳಗೇ ಇಟ್ಟುಕೊಳ್ಳುತ್ತಾಳೆ. ‘ಗಾಡಿ ಕೊಟ್ಟವರು ಯಾರು?’ ಎಂಬ ಮಾತು ದಂಪತಿಗಳ ನಡುವೆ ಗೋಡೆಯಾಗುತ್ತದೆ. ಎಲ್ಲರ ಗಮನವೂ ಅಣ್ಣನ ಮೇಲಿರುವಾಗ ತಂಗಿ ಸದ್ದಿಲ್ಲದೆ ಮೂಲೆಗೆ ಸರಿಯುತ್ತಾಳೆ. ಆದ್ದರಿಂದ ಆರೈಕೆಯ ಹೊರೆ ಒಬ್ಬರ ಹೆಗಲ ಮೇಲೆಯೇ ಬೀಳಬಾರದು. ಚಿಕ್ಕಪ್ಪನೋ ಸೋದರತ್ತೆಯೋ ವಾರದಲ್ಲಿ ಅರ್ಧ ದಿನ ವಹಿಸಿಕೊಂಡರೆ ತಾಯಿಗೆ ಉಸಿರಾಡಲು ಬಿಡುವಾಗುತ್ತದೆ. ಉಳಿದ ಮಕ್ಕಳಿಗೂ ನಡೆದದ್ದನ್ನು ಅವರ ವಯಸ್ಸಿಗೆ ತಕ್ಕಂತೆ ವಿವರಿಸಬೇಕು.

ನೆರವು ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನಲ್ಲಿ ೧೯೭೪ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಸಂಸ್ಥೆಯಲ್ಲಿ ನರರೋಗ ಚಿಕಿತ್ಸೆಯಷ್ಟೇ ಅಲ್ಲದೆ ನೆನಪು, ಗಮನಗಳ ಪರೀಕ್ಷೆಯೂ ಪುನಶ್ಚೇತನ ಚಿಕಿತ್ಸೆಯೂ ದೊರೆಯುತ್ತವೆ. ಮಾತು ತೊದಲುವವರಿಗೆ, ಪದ ಹೊಳೆಯದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಮನಸ್ಸು ಕುಗ್ಗಿದಾಗ ಮಕ್ಕಳಾಗಲಿ ಹಿರಿಯರಾಗಲಿ ೧೪೪೧೬ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ‘ಟೆಲಿ ಮಾನಸ್’ ಎಂಬ ಈ ಸರ್ಕಾರಿ ಸೇವೆ ೨೦೨೨ರಲ್ಲಿ ಆರಂಭವಾಯಿತು.

ಚೇತರಿಕೆ ಮೊದಲ ತಿಂಗಳುಗಳಲ್ಲಿ ವೇಗವಾಗಿರುತ್ತದೆ, ಅನಂತರ ನಿಧಾನವಾಗುತ್ತದೆ, ನಿಧಾನವಾಯಿತೆಂದರೆ ನಿಂತಿತೆಂದಲ್ಲ. ನೆರೆಮನೆಯ ಮಗುವಿನೊಡನೆಯೂ ಪೆಟ್ಟಿಗೆ ಮುಂಚಿನ ದಿನಗಳೊಡನೆಯೂ ಹೋಲಿಸದೆ, ಹೋದ ತಿಂಗಳಿಗಿಂತ ಈ ತಿಂಗಳು ಏನು ಸುಧಾರಿಸಿದೆಯೆಂದು ಬರೆದಿಡುತ್ತ ಬನ್ನಿ. ವೈದ್ಯರಿಗೆ ಆ ಬರಹ ದಾರಿ ತೋರುತ್ತದೆ; ಮಗುವಿಗೆ ಓದಿ ಹೇಳಿದರೆ ಧೈರ್ಯವನ್ನೂ ಕೊಡುತ್ತದೆ.