ಚಳಿ ಬೇಡುವ ರಾಸ್‌ಬೆರಿ

ಸಿಂಧನೂರು ತಾಲೂಕಿನ ಸಾಲಗುಂದದ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಈ ಸೀಮೆಯಲ್ಲಿ ಭತ್ತ ನಳನಳಿಸಿತು. ಆದರೆ ಚಳಿಯನ್ನು ಯಾವ ಕಾಲುವೆಯೂ ತರಲಾರದು. ಕೆಂಪು ರಾಸ್‌ಬೆರಿಗೆ ಬೇಕಾದದ್ದು ಆ ಚಳಿಯೇ.

ಚಳಿಗಾಲದಲ್ಲಿ ಈ ಗಿಡ ಎಲೆ ಉದುರಿಸಿ ನಿದ್ದೆ ಹೋಗುತ್ತದೆ. 7 ಡಿಗ್ರಿಗಿಂತ ತಣ್ಣನೆಯ ಹವೆಯಲ್ಲಿ ಸಾವಿರ ಗಂಟೆಯ ಆಸುಪಾಸು ಕಳೆಯದಿದ್ದರೆ ಮೊಗ್ಗುಗಳು ಸರಿಯಾಗಿ ಒಡೆಯುವುದಿಲ್ಲ. ಆನ್‌ಲೈನ್‌ನಲ್ಲಿ ಸಸಿ ತರಿಸಿ ಬಯಲುಸೀಮೆಯ ಹಿತ್ತಲಲ್ಲಿ ನೆಡುವವರು ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಹಾಗೆಂದು ಚಳಿ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಉಷ್ಣಾಂಶ ಮೈನಸ್ 30ಕ್ಕೂ ಕೆಳಗಿಳಿಯುತ್ತದೆ. ರಾಸ್‌ಬೆರಿಯ ಬೇರು ಹಲವು ವರ್ಷ ಬಾಳುತ್ತದೆ, ಕಡ್ಡಿಯ ಆಯಸ್ಸು ಎರಡೇ ವರ್ಷ. ಮೊದಲ ವರ್ಷ ಬೆಳೆದ ಕಡ್ಡಿ ಎರಡನೇ ವರ್ಷ ಹಣ್ಣು ಕೊಟ್ಟು ಒಣಗುತ್ತದೆ. ನಡುವಿನ ಚಳಿಗಾಲದಲ್ಲಿ ಕಡ್ಡಿ ಸತ್ತರೆ ಆ ವರ್ಷದ ಫಸಲೂ ಹೋಯಿತು. ಅದಕ್ಕೇ ಕೆಲವರು ಕಡ್ಡಿಗಳನ್ನು ನೆಲಕ್ಕೆ ಬಗ್ಗಿಸಿ ಮಣ್ಣು ಹಾಕುತ್ತಾರೆ. ಮೇಲೆ ಬೀಳುವ ಹಿಮವೇ ಕಂಬಳಿಯಾಗುತ್ತದೆ. ನಡುಚಳಿಯಲ್ಲಿ ನಾಲ್ಕು ದಿನ ಬಿಸಿಲು ಕಾಯ್ದು ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಎಚ್ಚರಗೊಂಡ ಮೊಗ್ಗುಗಳಿಗೆ ಉಳಿಗಾಲವಿಲ್ಲ.

ಅಲ್ಲಿನ ಮಾರ್ಡನ್ ಸಂಶೋಧನಾ ಕೇಂದ್ರ 1960ರಲ್ಲಿ ಕೊಟ್ಟ 'ಬಾಯ್ನ್' ತಳಿ ಇಂಥ ಚಳಿಗೂ ಬಗ್ಗದು. 1969ರಲ್ಲಿ ನ್ಯೂಯಾರ್ಕ್‌ನ ಜಿನೀವಾದಿಂದ ಬಂದ 'ಹೆರಿಟೇಜ್' ಹೊಸ ಕಡ್ಡಿಯಲ್ಲೇ ಅದೇ ವರ್ಷ ಹಣ್ಣು ಬಿಡುತ್ತದೆ, ಕೊಯ್ಲಾದ ಮೇಲೆ ಬುಡದವರೆಗೆ ಕತ್ತರಿಸಬಹುದು. ಕಾಯುವ ಕಡ್ಡಿಯೇ ಇಲ್ಲವೆಂದರೆ ಚಳಿಯ ಭಯವೆಲ್ಲಿ? ಆದರೂ ಬೇಸಿಗೆ ಗಿಡ್ಡವಾದ ಕಡೆ ಅದರ ಹಣ್ಣು ಮಾಗುವ ಮೊದಲೇ ಹಿಮ ಬೀಳುತ್ತದೆ.

ಕರ್ನಾಟಕದ ಹೆಸರನ್ನೇ ಹೊತ್ತ ರಾಸ್‌ಬೆರಿಯೂ ಒಂದಿದೆ: ಮೈಸೂರು ರಾಸ್‌ಬೆರಿ, ಸಸ್ಯಶಾಸ್ತ್ರದ 'ರೂಬಸ್ ನಿವಿಯಸ್'. ಹಿಮಾಲಯದಿಂದ ಪಶ್ಚಿಮಘಟ್ಟದವರೆಗೆ ಬೆಟ್ಟಗಳಲ್ಲಿ ಕಾಡುಪೊದೆಯಾಗಿ ಬೆಳೆಯುತ್ತದೆ. ಕಡ್ಡಿಯ ಮೇಲೆ ಬೂದಿ ಬಳಿದಂಥ ಬಿಳುಪು, ಕೊಕ್ಕೆಮುಳ್ಳು. ಕೆಂಪಗಿದ್ದ ಹಣ್ಣು ಮಾಗಿದಾಗ ಕಪ್ಪು ನೇರಳೆ. ಕಿತ್ತರೆ ತಿರುಳುಗಡ್ಡಿ ಗಿಡದಲ್ಲೇ ಉಳಿದು, ಟೊಳ್ಳು ಬಟ್ಟಲಿನಂಥ ಹಣ್ಣು ಬೆರಳಿಗೆ ಬರುತ್ತದೆ. ಕೆಂಪು ರಾಸ್‌ಬೆರಿಯಷ್ಟು ಚಳಿ ಬೇಡದ ಕಾರಣ ಅಮೆರಿಕದ ಬೆಚ್ಚನೆಯ ಫ್ಲಾರಿಡಾದಲ್ಲಿ ಇದನ್ನು ಬೆಳೆಸುತ್ತಾರೆ. ಗಲಾಪಗೋಸ್ ದ್ವೀಪಗಳಲ್ಲಿ ಇದೇ ಗಿಡ ಕಾಡನ್ನು ನುಂಗುವ ಕಳೆಯಾಗಿದ್ದು, ಅದನ್ನು ಹತೋಟಿಗೆ ತರಲು ವರ್ಷಗಳಿಂದ ಹೆಣಗಾಟ ನಡೆದಿದೆ.